ಕತೆ ಗೊತ್ತಿದ್ದೂ ಯಾಕೆ ನೋಡ್ತೀವಿ?

ಮಂಡ್ಯ ಕಡೆ ಹಳ್ಳಿಯಲ್ಲಿ ಕುರುಕ್ಷೇತ್ರ ನಾಟಕ ನೋಡಲು ಕೂತವರಲ್ಲಿ ಒಬ್ಬರಿಗೂ ಮುಂದೇನಾಗುತ್ತದೆ ಅನ್ನುವ ಕುತೂಹಲ ಇರುವುದಿಲ್ಲ. ಕೃಷ್ಣ ಸಂಧಾನಕ್ಕೆ ಹೋಗಿ ಬರಿಗೈಲಿ ವಾಪಸ್ ಬರುತ್ತಾನೆ. ಅಭಿಮನ್ಯು ಚಕ್ರವ್ಯೂಹದೊಳಗೆ ಹೋದವನು ಹೊರಗೆ ಬರುವುದಿಲ್ಲ. ದುರ್ಯೋಧನನ ತೊಡೆ ಮುರಿಯುತ್ತದೆ. ಇದೆಲ್ಲ ಅಲ್ಲಿ ಕಡ್ಲೆಕಾಯಿ ತಿನ್ನುತ್ತ ಕೂತ ಹುಡುಗನಿಗೂ ಗೊತ್ತು. ಆದರೂ ಜನ ಚಾಪೆ, ಕಂಬಳಿ ತಂದು ರಾತ್ರಿಯಿಂದ ಬೆಳಗಿನ ಜಾವದ ತನಕ ಕೂರುತ್ತಾರೆ. ನಡುವೆ ಸ್ವಲ್ಪ ನಿದ್ದೆ ಮಾಡುತ್ತಾರೆ, ಗದಾಯುದ್ಧದ ಹೊತ್ತಿಗೆ ಸರಿಯಾಗಿ ಎದ್ದು ಕೂರುತ್ತಾರೆ.

ನಮ್ಮ ಫೋನು, ಟಿವಿ ಎರಡೂ ನಂಬಿಕೊಂಡಿರುವುದು ಇದಕ್ಕೆ ಪೂರ್ತಿ ಉಲ್ಟಾ ಲೆಕ್ಕವನ್ನು. ಮುಂದೇನಾಗುತ್ತದೆ ಅಂತ ಗೊತ್ತಾಗಿಬಿಟ್ಟರೆ ಜನ ಎದ್ದು ಹೋಗುತ್ತಾರೆ, ಹಾಗಾಗಿ ಗೊತ್ತಾಗಲು ಬಿಡಬಾರದು. ಧಾರಾವಾಹಿ ಬಾಗಿಲು ಅರ್ಧ ತೆರೆದಾಗ ನಿಲ್ಲಬೇಕು. ಒಂದು ವಿಡಿಯೋ ಮುಗಿಯುವ ಮೊದಲೇ ಮುಂದಿನದು ಕಾಣಬೇಕು. ಮನರಂಜನೆಯಲ್ಲಿ ಹೊಸ ಐಡಿಯಾ ಅಂತ ಯಾರಾದರೂ ಏನಾದರೂ ತಂದರೆ ಹತ್ತರಲ್ಲಿ ಒಂಬತ್ತು ಸಲ ಅದು ಇದನ್ನೇ ಇನ್ನೂ ಬಿಗಿಯಾಗಿ ಕಟ್ಟುವ ಉಪಾಯ ಆಗಿರುತ್ತದೆ. ಇದರಲ್ಲಿ ಎಲ್ಲೋ ಲೆಕ್ಕ ತಪ್ಪಿದೆ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. ಹೀಗೆ ಅನ್ನಿಸಲು ಅರ್ಧ ಕಾರಣ ನಮ್ಮವ್ವ, ಇನ್ನರ್ಧ ಕಾರಣ ನಮ್ಮ ಚಿಕ್ಕಪ್ಪ.

ಮೊದಲು ಅವ್ವನ ವಿಷಯ ಹೇಳಿಬಿಡುತ್ತೇನೆ. ಅವ್ವ ಈಗ ಊರು ಬಿಟ್ಟು ಮೈಸೂರಿನಲ್ಲಿ ನಮ್ಮ ಜೊತೆಗಿದ್ದಾಳೆ. ಸಂಜೆ ದೀಪ ಹಚ್ಚಿ ಟಿವಿ ಮುಂದೆ ಕೂತರೆ ಊಟದ ಹೊತ್ತಿಗೇ ಏಳುವುದು. ಸೊಸೆಗೆ ವಿಷ ಹಾಕಿದವರು ಯಾರು ಅನ್ನುವುದು ವಾರಗಟ್ಟಲೆ ಎಳೆಯುವ ಕತೆ ಇರುತ್ತದಲ್ಲ, ಅದರಲ್ಲಿ ಅವ್ವನಿಗೆ ಯಾವ ಕುತೂಹಲವೂ ಇಲ್ಲ. ಮೊದಲ ದಿನವೇ ಹೇಳಿಬಿಡುತ್ತಾಳೆ, ನಾದಿನಿ ಅಂತ. ನಾದಿನಿಯೇ ಆಗಿರುತ್ತಾಳೆ. ಮತ್ತೆ ಯಾಕೆ ದಿನಾ ನೋಡ್ತೀಯ ಅಂತ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ.

'ಆ ಅತ್ತೆ ಪಾತ್ರದವಳು ಅಳೋದ್ ನೋಡು, ಎಷ್ಟ್ ಚೆಂದಾಗ್ ಅಳ್ತಾಳೆ. ಸೊಸೆಗೆ ಅಳಾಕೇ ಬರಾಕಿಲ್ಲ ಕಣ್ಲಾ. ಬರೀ ಮೂಗ್ ಒರೆಸ್ಕತಾಳೆ.'

ಇದನ್ನು ಕೇಳಿದ ಮೇಲೆ ನಾನು ಧಾರಾವಾಹಿಗಿಂತ ಅವ್ವನನ್ನು ನೋಡುವುದು ಜಾಸ್ತಿ ಆಯಿತು. ಅವಳು ಸುಮ್ನೆ ಕತೆಯ ಹಿಂದೆ ಹೋಗುತ್ತಿಲ್ಲ. ತೂಗಿ ನೋಡುತ್ತಿದ್ದಾಳೆ. ಹೊಸ ನಟಿ ಬಂದರೆ ಹಳಬಳ ಜೊತೆ ಹೋಲಿಸುತ್ತಾಳೆ. ಇದ್ದಕ್ಕಿದ್ದ ಹಾಗೆ ಒಂದು ಪಾತ್ರಕ್ಕೆ ಬೇರೆ ನಟಿಯನ್ನು ತಂದು ಕೂರಿಸುತ್ತಾರಲ್ಲ, ಅದು ನಮಗೆಲ್ಲ ಕಿರಿಕಿರಿ. ಅವಳಿಗೆ ಹಬ್ಬ. ಇವಳು ಹೆಂಗೆ ಮಾಡ್ತಾಳೆ ನೋಡವಾ ಅಂತ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾಳೆ.

ಚಾನೆಲ್‌ನವರಿಗೆ ಇದು ಕಾಣುವುದಿಲ್ಲ. ಅವರಿಗೆ ಕಾಣುವುದು ಟಿಆರ್‌ಪಿ. ದೇಶದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳ ಟಿವಿಗೆ ಮೀಟರ್ ಕೂರಿಸಿ ಬಾರ್ಕ್ ಸಂಸ್ಥೆ ಲೆಕ್ಕ ತೆಗೆಯುತ್ತದೆ. ವಾರಕ್ಕೊಮ್ಮೆ, ಗುರುವಾರ, ಆ ನಂಬರ್ ಬರುತ್ತದೆ. ಆ ಪೆಟ್ಟಿಗೆಗೆ ಯಾವ ಚಾನೆಲ್, ಎಷ್ಟು ಹೊತ್ತು, ಮನೆಯ ಯಾರು ಅನ್ನುವುದು ಗೊತ್ತಾಗುತ್ತದೆ. ಯಾಕೆ ಅನ್ನುವುದು ಗೊತ್ತಾಗುವುದಿಲ್ಲ. ಅವ್ವ ಅಳು ನೋಡಲು ಕೂತಿದ್ದರೂ, ವಿಷ ಹಾಕಿದವರು ಸಿಕ್ಕಿಬೀಳುವುದಕ್ಕೆ ಕಾಯುತ್ತಿದ್ದರೂ ಮೀಟರಿಗೆ ಎರಡೂ ಒಂದೇ. ಹಾಗಾಗಿ ಚಾನೆಲ್‌ನವರು ತಮಗೆ ತಿಳಿದ ಅರ್ಥ ಮಾಡಿಕೊಳ್ಳುತ್ತಾರೆ. ಜನ ನೋಡಿದರು ಅಂದರೆ ತಿರುವು ಕೆಲಸ ಮಾಡಿತು, ಇನ್ನೊಂದು ತಿರುವು ಹಾಕಿ. ಒಂದು ಕಪಾಳಮೋಕ್ಷಕ್ಕೆ ಮನೆಯ ಆರೂ ಜನರ ಮುಖ ತೋರಿಸಿ, ಮೂರು ಮೂರು ಸಲ, ಗುಡುಗಿನ ಸದ್ದಿನ ಜೊತೆ. ವಾರದಲ್ಲಿ ಐದಾರು ಕಂತು ಹೊರಗೆ ಹಾಕಬೇಕು ಅಂದರೆ ಬರೆಯುವವರು ತಾನೇ ಏನು ಮಾಡುತ್ತಾರೆ? ಅವರ ಮೇಲೆ ನನಗೆ ಸಿಟ್ಟಿಲ್ಲ. ಇವತ್ತು ಬರೆದದ್ದು ನಾಳೆ ಶೂಟ್, ನಾಡಿದ್ದು ಪ್ರಸಾರ ಅನ್ನುವ ಓಟದಲ್ಲಿ ಅಷ್ಟಾದರೂ ಬರೆಯುತ್ತಾರಲ್ಲ ಅನ್ನಿಸುತ್ತದೆ.

ಮೀಟರೇ ಇಲ್ಲದಿದ್ದ ಕಾಲವೂ ಇತ್ತು. 1988ರ ಅಕ್ಟೋಬರ್ 2ಕ್ಕೆ ದೂರದರ್ಶನದಲ್ಲಿ ಬಿ.ಆರ್. ಚೋಪ್ರಾ ಅವರ ಮಹಾಭಾರತ ಶುರುವಾಯಿತು. ಭಾನುವಾರ ಬೆಳಿಗ್ಗೆ. 1990ರ ಜೂನ್ ತನಕ ನಡೆಯಿತು, ಒಟ್ಟು 94 ಕಂತು. ಪೂರ್ತಿ ಹಿಂದಿ. ನಮ್ಮೂರಿನಲ್ಲಿ ಹಿಂದಿ ಬರುತ್ತಿದ್ದದ್ದು ಯಾರಿಗೆ? ಮಿಲಿಟರಿಯಿಂದ ವಾಪಸ್ ಬಂದಿದ್ದ ಒಬ್ಬರಿಗೆ, ಮತ್ತೆ ಸ್ಕೂಲಿನ ಹಿಂದಿ ಮೇಷ್ಟ್ರಿಗೆ. ಮೇಷ್ಟ್ರು ಭಾನುವಾರ ಊರಿನಲ್ಲಿ ಇರುತ್ತಿರಲಿಲ್ಲ. ಆದರೂ ಟಿವಿ ಇದ್ದ ಮನೆಯ ಜಗುಲಿ, ಕಿಟಕಿ, ಹೊಸ್ತಿಲು ಎಲ್ಲ ತುಂಬಿಹೋಗಿರುತ್ತಿತ್ತು. ಒಂದು ಮಾತೂ ಅರ್ಥವಾಗದ ಧಾರಾವಾಹಿಯನ್ನು ಇಷ್ಟು ಜನ ಹೇಗೆ ನೋಡಿದರು ಅಂತ ಹೊರಗಿನವರಿಗೆ ಆಶ್ಚರ್ಯ ಆಗಬಹುದು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಗಂಡಸರು ಒಂದಲ್ಲ ಒಂದು ವರ್ಷ ಊರ ನಾಟಕದಲ್ಲಿ ಭೀಮನೋ ಕರ್ಣನೋ ಆಗಿದ್ದವರು. ಅವರಿಗೆ ಮಾತು ಬೇಕಿರಲಿಲ್ಲ. ಈಗ ಇವನು ಏನು ಹೇಳುತ್ತಿರಬೇಕು ಅನ್ನುವುದು ಬಾಯಿಪಾಠ. ಅವರು ನೋಡುತ್ತಿದ್ದದ್ದು ಹೇಳುವ ಗತ್ತನ್ನು. ಶಕುನಿ ದಾಳ ಉಜ್ಜುತ್ತಾ ಒಂದು ಕಣ್ಣು ಕಿರಿದು ಮಾಡುವುದನ್ನು ಕಂಡು, ಊರಲ್ಲಿ ಶಕುನಿ ಪಾತ್ರ ಮಾಡುತ್ತಿದ್ದ ಒಬ್ಬರು 'ಇದು ನಂಗೆ ಹೊಳೀನೇ ಇಲ್ವಲ್ಲಪ್ಪ' ಅಂದಿದ್ದರಂತೆ. ಮುಂದಿನ ಸಲದ ನಾಟಕದಲ್ಲಿ ಅವರ ಕಣ್ಣೂ ಕಿರಿದಾಯಿತು. ಜನ ಶಿಳ್ಳೆ ಹೊಡೆದರು.

ಅದೇ ಧಾರಾವಾಹಿ ಭಾನುವಾರ ಬರುತ್ತಿದ್ದ ದಿನಗಳಲ್ಲೇ ಮೈಸೂರಿನಲ್ಲಿ ಇನ್ನೊಂದು ಧಾರಾವಾಹಿಯ ಶೂಟಿಂಗ್ ನಡೆಯುತ್ತಿತ್ತು, ಟಿಪ್ಪು ಸುಲ್ತಾನನ ಕತೆ. 1989ರ ಫೆಬ್ರವರಿ 8ರಂದು ಪ್ರೀಮಿಯರ್ ಸ್ಟುಡಿಯೋದ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ನಾಯಕ ನಟ, ನಿರ್ದೇಶಕ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಮೈಸೂರಿನ ಹಳಬರ ಮುಂದೆ ಟಿವಿ ಧಾರಾವಾಹಿ ಅಂತ ಮಾತೆತ್ತಿದರೆ ಈಗಲೂ ಯಾರಾದರೂ ಒಬ್ಬರು ಆ ರಾತ್ರಿಯ ಆಸ್ಪತ್ರೆ ವಾರ್ಡಿನ ಸುದ್ದಿ ತೆಗೆಯುತ್ತಾರೆ. ಆಮೇಲೆ ಧಾರಾವಾಹಿ ಪೂರ್ತಿಯಾಗಿ ಪ್ರಸಾರವೂ ಆಯಿತು, ಜನ ನೋಡಿದರು. ನನ್ನ ವಾದಕ್ಕೂ ಇದಕ್ಕೂ ನೇರ ಸಂಬಂಧ ಇಲ್ಲ. ಆದರೆ ಮೈಸೂರಿನಲ್ಲಿ ಕೂತು ಟಿವಿ ಬಗ್ಗೆ ಬರೆಯುತ್ತಾ ಇದನ್ನು ಬಿಟ್ಟು ಹೋಗಲು ಮನಸ್ಸು ಬರಲಿಲ್ಲ.

ಇನ್ನು ಯೂಟ್ಯೂಬ್. 2005ರಲ್ಲಿ ಅದಕ್ಕೆ ಹಾಕಿದ ಮೊದಲ ವಿಡಿಯೋ 19 ಸೆಕೆಂಡಿನದು, ಒಬ್ಬ ಹುಡುಗ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಇವುಗಳ ಸೊಂಡಿಲು ಉದ್ದ ಅಂತ ಹೇಳುತ್ತಾನೆ. ಅಷ್ಟೇ. ಮುಂದೇನು ಅನ್ನುವುದೇ ಇಲ್ಲ ಅದರಲ್ಲಿ. ಆಮೇಲೆ 2012ರಲ್ಲಿ ಅವರು ಒಂದು ಬದಲಾವಣೆ ಮಾಡಿದರು. ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಕೊಟ್ಟರು. ಕೇಳಲು ಒಳ್ಳೆಯದೇ, ಸುಳ್ಳು ಟೈಟಲ್ ಹಾಕಿ ಒತ್ತಿಸಿಕೊಳ್ಳುವವರು ಕಮ್ಮಿಯಾಗಲಿ ಅಂತ. ಆದರೆ ಹೊತ್ತನ್ನೇ ಅಳೆಯಲು ಶುರು ಮಾಡಿದರೆ ಹೊತ್ತನ್ನೇ ಎಳೆಯಲು ಶುರು ಮಾಡುತ್ತಾರೆ, ಅಲ್ವಾ? ಎಂಟು ನಿಮಿಷ ದಾಟಿದ ವಿಡಿಯೋಗೆ ನಡುವೆಯೂ ಜಾಹೀರಾತು ಹಾಕಬಹುದು ಅನ್ನುವ ನಿಯಮ ಬಂದ ಮೇಲೆ ಮೂರು ನಿಮಿಷದ ಉಪ್ಪಿಟ್ಟಿಗೆ ಎಂಟೂ ಚಿಲ್ಲರೆ ನಿಮಿಷ ಹಿಡಿಯುತ್ತಿದೆ. ಹಾಯ್ ಫ್ರೆಂಡ್ಸ್, ಚಾನೆಲ್‌ಗೆ ಸ್ವಾಗತ, ಗಂಟೆ ಒತ್ತಿ, ನಮ್ಮತ್ತೆ ಈ ಉಪ್ಪಿಟ್ಟಿಗೆ ಒಂದು ಸೀಕ್ರೆಟ್ ಹಾಕುತ್ತಾರೆ, ಅದೇನು ಅಂತ ಕೊನೆಯಲ್ಲಿ ಹೇಳುತ್ತೇನೆ. ಉಪ್ಪಿಟ್ಟಿಗೂ ಸಸ್ಪೆನ್ಸ್! ಕೊನೆಗೆ ನೋಡಿದರೆ ಅದು ನಿಂಬೆಹುಳಿ.

ನಿಲ್ಲದೆ ಕೆಳಗೆ ಸರಿಯುತ್ತಲೇ ಹೋಗುವ ಪುಟದ ಉಪಾಯ ಮಾಡಿದವರು ಏಜ಼ಾ ರಾಸ್ಕಿನ್ ಅಂತ, 2006ರಲ್ಲಿ. ಆಮೇಲೆ ಅವರೇ ಅದರ ಬಗ್ಗೆ ಬೇಜಾರು ಮಾಡಿಕೊಂಡು ಮಾತಾಡಿದ್ದಾರೆ. ನೆಟ್‌ಫ್ಲಿಕ್ಸ್‌ನ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ತಮ್ಮ ಪೈಪೋಟಿ ನಿದ್ದೆಯ ಜೊತೆ ಅಂತ ಹೇಳಿದ್ದರು. ತಮಾಷೆಗೆ ಹೇಳಿದ್ದೋ ನಿಜಕ್ಕೂ ಹೇಳಿದ್ದೋ, ಅಂತೂ ಸತ್ಯವನ್ನೇ ಹೇಳಿದರು. ನಮ್ಮ ನಾಟಕಗಳೂ ನಿದ್ದೆ ಕೆಡಿಸುತ್ತವೆ, ನಿಜ. ಆದರೆ ಅಲ್ಲಿ ಮಲಗಿದರೆ ಯಾರೂ ಎಬ್ಬಿಸುವುದಿಲ್ಲ. ನಿಮ್ಮ ಪಾಡಿಗೆ ನೀವು ಕಂಬಳಿ ಹೊದ್ದು ಮಲಗಿ, ಬೇಕಾದ ಸೀನಿಗೆ ಎದ್ದರೆ ಆಯಿತು. ಕತೆ ಗೊತ್ತಿದ್ದರೆ ಇದೊಂದು ಅನುಕೂಲ.

ಈಗಿನ ಹೊಸ ಸುದ್ದಿ ಮೈಕ್ರೋ ಡ್ರಾಮಾ. ಫೋನನ್ನು ನೆಟ್ಟಗೆ ಹಿಡಿದು ನೋಡುವ ಧಾರಾವಾಹಿ, ಒಂದೊಂದು ಕಂತು ಒಂದು ಒಂದೂವರೆ ನಿಮಿಷ, ಹೆಚ್ಚೆಂದರೆ ಎರಡು. ಮೊದಲ ಕೆಲವು ಕಂತು ಪುಕ್ಕಟೆ. ಹುಡುಗಿಯ ಕುತ್ತಿಗೆಗೆ ಕೈ ಹೋಗುವ ಹೊತ್ತಿಗೆ ದುಡ್ಡು ಕೇಳುತ್ತದೆ. ಚೀನಾದಲ್ಲಿ ಇದು ಎಷ್ಟು ಬೆಳೆದಿದೆ ಅಂದರೆ 2024ರಲ್ಲಿ ಇದರ ವ್ಯಾಪಾರ ಅಲ್ಲಿನ ಥಿಯೇಟರ್‌ಗಳ ಗಲ್ಲಾಪೆಟ್ಟಿಗೆಯನ್ನೇ ಮೀರಿಸಿತು. ನಮ್ಮಲ್ಲೂ ಕುಕು ಟಿವಿ, ಶೇರ್‌ಚಾಟ್‌ನವರ ಕ್ವಿಕ್ ಟಿವಿ ಅಂತ ಆ್ಯಪ್‌ಗಳು ಬಂದಿವೆ. ಮಜಾ ಏನೆಂದರೆ, ಫೋನಿಗಾಗಿಯೇ ಚಿಕ್ಕ ಕಂತು ಅನ್ನುವ ಇದೇ ಯೋಚನೆ ಹಿಡಿದು ಹಾಲಿವುಡ್‌ನ ಘಟಾನುಘಟಿಗಳು 175 ಕೋಟಿ ಡಾಲರ್ ಎತ್ತಿ ಕ್ವಿಬಿ ಅನ್ನುವುದನ್ನು 2020ರ ಏಪ್ರಿಲ್‌ನಲ್ಲಿ ಶುರು ಮಾಡಿದ್ದರು. ಅದೇ ವರ್ಷ ಡಿಸೆಂಬರ್‌ಗೆ ಅಂಗಡಿ ಮುಚ್ಚಿತು. ಅವರು ದೊಡ್ಡ ನಟರನ್ನು ಹಾಕಿ ಹತ್ತು ಹತ್ತು ನಿಮಿಷದ ಚೆಂದದ ತುಣುಕು ಮಾಡಿದರು. ಇವರು ಚೆಂದ ಮಾಡುವ ಗೋಜಿಗೇ ಹೋಗಲಿಲ್ಲ. ನಿಮಿಷಕ್ಕೊಂದು ಗಾಳ, ಅಷ್ಟೇ. ಕೋಟ್ಯಧಿಪತಿ ಡ್ರೈವರ್ ವೇಷ ಹಾಕಿರುತ್ತಾನೆ, ಯಾರೋ ಅವನ ಮುಖಕ್ಕೆ ನೀರು ಎರಚುತ್ತಾರೆ, ಅವನ ಫೋನ್ ರಿಂಗಾಗುತ್ತದೆ, ಕಂತು ಮುಗಿಯಿತು.

ಅವ್ವನಿಗೆ ಒಂದನ್ನು ತೋರಿಸಿದೆ. ಕನ್ನಡಕ ಏರಿಸಿಕೊಂಡು ಗಂಭೀರವಾಗಿಯೇ ನೋಡಿದಳು. ನಾಲ್ಕೈದು ಕಂತು ಆಗಿರಬೇಕು, ಫೋನ್ ವಾಪಸ್ ಕೊಟ್ಟಳು.

'ಒಬ್ರ್ ಮಕಾನೂ ನೆಟ್ಟಗ್ ನೋಡಾಕ್ ಬುಡಾಕಿಲ್ವಲ್ಲ. ಬರೀ ಓಡ್ತದೆ. ಎಲ್ಲಿಗ್ ಓಡ್ತದೆ?'

ನಿಮ್ಮ ಮನೆಯಲ್ಲಿ ಇದನ್ನು ಇಷ್ಟಪಟ್ಟು ನೋಡುವವರು ಇರಬಹುದು. ನಮ್ಮ ಮನೆಯಲ್ಲೂ ಇದ್ದಾರೆ, ನನ್ನ ಮಗಳು. ಆದರೆ ಅವಳನ್ನೂ ಗಮನಿಸಿದ್ದೇನೆ. ಒಮ್ಮೆ ಮುಗಿದರೆ ಮುಗಿಯಿತು, ಎರಡನೇ ಸಲ ನೋಡುವ ಮಾತೇ ಇಲ್ಲ. ಅವಳು ಮತ್ತೆ ಮತ್ತೆ ನೋಡುವುದು ಬೇರೆಯದನ್ನು: ಒಂದೇ ಹಾಡಿಗೆ ಬೇರೆ ಬೇರೆಯವರು ಮಾಡಿದ ಕುಣಿತ. ಅದೇ ಹದಿನೈದು ಸೆಕೆಂಡಿನ ಹಾಡು. ಒಬ್ಬರು ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ, ಇನ್ನೊಬ್ಬರು ಅಡುಗೆಮನೆಯಲ್ಲಿ ಸೌಟು ಹಿಡಿದು, ಇನ್ಯಾರೋ ಗದ್ದೆಯ ಬದುವಿನಲ್ಲಿ ಜಾರಿ ಬೀಳುತ್ತಾ. ಇಲ್ಲಿ ಕತೆಯೇ ಇಲ್ಲ, ಮುಂದೇನೂ ಇಲ್ಲ. ಇರುವುದು ಇವನು ಹೇಗೆ ಮಾಡಿದ, ಇವಳು ಹೇಗೆ ಮಾಡಿದಳು ಅಷ್ಟೇ. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧ ಆದಾಗ ನಾನು ಇದೊಂದು ಪೀಡೆ ತೊಲಗಿತು ಅನ್ನುವವರ ಗುಂಪಿನಲ್ಲಿದ್ದೆ. ಅದು ತೊಲಗಲಿಲ್ಲ, ಎರಡು ಮೂರು ತಿಂಗಳಲ್ಲೇ ರೀಲ್ಸ್, ಶಾರ್ಟ್ಸ್ ಅಂತ ಹೆಸರು ಬದಲಿಸಿಕೊಂಡು ಬಂತು. ಈಗ ನೋಡಿದರೆ ಅದರೊಳಗಿನ ಈ ಒಂದು ಭಾಗ ಮಾತ್ರ ನನಗೆ ಬಹಳ ಹಳೆಯ ಸರಕಿನ ಹಾಗೆ ಕಾಣುತ್ತದೆ. ಒಂದೇ ಪದ್ಯವನ್ನು ಹತ್ತು ಊರಿನ ದುರ್ಯೋಧನರು ಹಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಈಗ ಚಿಕ್ಕಪ್ಪನ ವಿಷಯಕ್ಕೆ ಬರುತ್ತೇನೆ. ಚಿಕ್ಕಪ್ಪ ದುರ್ಯೋಧನ. ವರ್ಷದ ಉಳಿದ ದಿನ ಕಬ್ಬು, ಭತ್ತ, ಎರಡು ಹಸು. ಹೊರಗಿನವರಿಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವರಿಗೆ ದುಡ್ಡು ಕೊಡುವುದಿಲ್ಲ, ಅವರೇ ದುಡ್ಡು ಹಾಕುತ್ತಾರೆ. ಹಾರ್ಮೋನಿಯಂ ಮೇಷ್ಟ್ರಿಗೆ, ಸೀನರಿಗೆ, ಡ್ರೆಸ್ಸಿಗೆ, ಲೈಟಿಗೆ, ಬೇರೆ ಊರಿನಿಂದ ಕರೆಸುವ ಸ್ತ್ರೀ ಪಾತ್ರದವರಿಗೆ ಎಲ್ಲ ಸೇರಿ ಆಗುವ ಖರ್ಚನ್ನು ಪಾತ್ರದ ತೂಕದ ಮೇಲೆ ಹಂಚುತ್ತಾರೆ. ಕೃಷ್ಣ, ದುರ್ಯೋಧನ ದುಬಾರಿ. ವಿದುರ ಅಗ್ಗ. ಸೈಂಧವ ಆದರೆ ಚೌಕಾಶಿ ಮಾಡಬಹುದು. ತಿಂಗಳುಗಟ್ಟಲೆ ರಾತ್ರಿ ಹೊತ್ತು ಪ್ರಾಕ್ಟೀಸು. ಮೇಷ್ಟ್ರು ಬೈದರೂ ಬೈಸಿಕೊಳ್ಳಬೇಕು. ಕೊನೆಗೆ ಒಂದೇ ಒಂದು ರಾತ್ರಿ ಪ್ರದರ್ಶನ.

ಈ ನಾಟಕಗಳು ಈಗ ಯೂಟ್ಯೂಬಿನಲ್ಲಿ ಲೈವ್ ಬರುತ್ತವೆ. ಮದುವೆ ವಿಡಿಯೋ ಮಾಡುವ ಹುಡುಗರು ಒಂದು ಕ್ಯಾಮೆರಾ ತಂದು ಜನರ ನಡುವೆ ಸ್ಟ್ಯಾಂಡ್ ಹಾಕಿ ನಿಲ್ಲಿಸುತ್ತಾರೆ. ಇಡೀ ರಾತ್ರಿ ಒಂದೇ ಕೋನ. ಚಿಕ್ಕಪ್ಪನ ನಾಟಕವನ್ನು ಈ ಸಲ ನಾನು ನೋಡಿದ್ದು ಹಾಗೆಯೇ, ಮೈಸೂರಿನ ಮನೆಯಲ್ಲಿ, ಟಿವಿಗೆ ಹಾಕಿಕೊಂಡು, ಅವ್ವನ ಜೊತೆ. ಅವತ್ತಿನ ಮಟ್ಟಿಗೆ ಧಾರಾವಾಹಿಗೆ ರಜ.

ಚಿತ್ರ ಅಂಥ ಚೆಂದ ಏನಿಲ್ಲ. ಪರದೆ ಮೇಲೆ ಅರಮನೆಯ ಕಂಬಗಳು, ಅದರ ಮುಂದೆ ಜಗಜಗ ಲೈಟು, ಬೆಳಕು ಜಾಸ್ತಿಯಾಗಿ ಕೃಷ್ಣನ ಮುಖ ಪೂರ್ತಿ ಬಿಳಿ. ಎಡಗಡೆ ಮೂಲೆಯಲ್ಲಿ ಮೇಷ್ಟ್ರ ತಲೆ, ಪಕ್ಕದಲ್ಲಿ ತಬಲ, ಕೀಬೋರ್ಡಿನ ಹುಡುಗ. ಮೇಲಿನಿಂದ ಇಳಿಬಿಟ್ಟ ಮೈಕುಗಳು ಮೂರು. ಪಾತ್ರದವರು ಯಾರ ಜೊತೆ ಮಾತಾಡುತ್ತಿದ್ದರೂ ಕೊನೆಗೆ ಒಂದು ಮೈಕಿನ ಕೆಳಗೇ ಬಂದು ನಿಲ್ಲುತ್ತಾರೆ. ದ್ರೌಪದಿ ಬೈಯುತ್ತಿರುವುದು ದುರ್ಯೋಧನನನ್ನು, ನೋಡುತ್ತಿರುವುದು ಮೈಕನ್ನು. ಚಿಕ್ಕಪ್ಪ ಬಂದ. ಗದೆ ಹೆಗಲ ಮೇಲೆ. ಬಾಡಿಗೆ ಕಿರೀಟ ಅವನ ತಲೆಗೆ ಒಂಚೂರು ದೊಡ್ಡದು, ಹಾಗಾಗಿ ತಲೆ ಅಲ್ಲಾಡಿಸುವ ಬದಲು ಇಡೀ ಮೈಯನ್ನೇ ತಿರುಗಿಸುತ್ತಿದ್ದ. ಅದು ನೋಡಲು ಭಾರೀ ಗತ್ತಾಗಿ ಕಾಣುತ್ತಿತ್ತು. ಕಿರೀಟ ಬೀಳದಿರಲಿ ಅಂತ ಮಾಡಿದ್ದು ಅನ್ನುವುದು ನಮ್ಮಿಬ್ಬರಿಗೆ ಮಾತ್ರ ಗೊತ್ತಾಯಿತು. ಅವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಕಂದಪದ್ಯ ಎತ್ತಿದ. ಮೊದಲ ಸಾಲನ್ನೇ ಎಳೆದು, ತಿರುವಿ, ಮೇಷ್ಟ್ರ ಕಡೆ ಒಮ್ಮೆ ನೋಡಿ, ಮೇಷ್ಟ್ರು ತಲೆಯಾಡಿಸಿದ ಮೇಲೆ ಇನ್ನೂ ಮೇಲಕ್ಕೆ ಹೋದ. ಅವ್ವ ನಗು ನಿಲ್ಲಿಸಿ, 'ಹೋದ್‌ಸಲಕ್ಕಿಂತ ಗಂಟಲು ಸುದ್ದವಾಗದೆ' ಅಂದಳು.

ಪದ್ಯ ಮುಗಿಯುವ ಹೊತ್ತಿಗೆ ಯಾರೋ ರಂಗ ಹತ್ತಿ ನೋಟಿನ ಹಾರ ಹಾಕಿದರು. ಯುದ್ಧದ ಮಾತು ಅರ್ಧಕ್ಕೆ ನಿಂತಿತು. ಮೈಕಿನಲ್ಲಿ ಹೆಸರು ಓದಿದರು: ದುರ್ಯೋಧನ ಪಾತ್ರಧಾರಿಗೆ ಅವರ ಭಾವಮೈದುನನಿಂದ ಐನೂರು ರೂಪಾಯಿ ಮುಯ್ಯಿ. ಜನರ ಕಡೆಯಿಂದ ಒನ್ಸ್ ಮೋರ್ ಕೂಗು. ಮತ್ತೆ ಅದೇ ಪದ್ಯ. ವಿಡಿಯೋ ಪಕ್ಕದಲ್ಲಿ ಚಾಟ್ ಓಡುತ್ತಿತ್ತು. ಬೆಂಗಳೂರಿನ ಪೀಣ್ಯದಿಂದ, ದುಬೈಯಿಂದ, ಯಾವುದೋ ಆಸ್ಪತ್ರೆಯ ನೈಟ್ ಡ್ಯೂಟಿಯಿಂದ ಜನ ಬರೆಯುತ್ತಿದ್ದರು. ಸೂಪರ್ ಅಣ್ಣ. ಮೈಕ್ ಸರಿ ಮಾಡಿಸ್ರಪ್ಪ. ಕರ್ಣನದು ಯಾವಾಗ ಬರ್ತದೆ, ನಮ್ ಮಾವ ಅವ್ರು. ಒಬ್ಬರಂತೂ ರಾಗ ತಪ್ಪಿದ್ದನ್ನು ಸಮಯದ ಸಮೇತ ಬರೆದಿದ್ದರು. ನೋಡುತ್ತಿದ್ದವರ ಸಂಖ್ಯೆ ನೂರು ಚಿಲ್ಲರೆ. ಯೂಟ್ಯೂಬಿನ ಲೆಕ್ಕದಲ್ಲಿ ಇದು ಸೊನ್ನೆಗೆ ಸಮ. ಆದರೆ ಆ ನೂರು ಜನ ನೋಡುತ್ತಿದ್ದ ರೀತಿ ಇದೆಯಲ್ಲ, ಯಾವ ದೊಡ್ಡ ವೆಬ್ ಸೀರೀಸನ್ನೂ ಯಾರೂ ಇಷ್ಟು ಹತ್ತಿರದಿಂದ ನೋಡುವುದನ್ನು ನಾನು ಕಂಡಿಲ್ಲ.

ಪ್ರೇಕ್ಷಕರೇ ಕತೆಯ ದಿಕ್ಕು ಬದಲಿಸುವ ಸಿನಿಮಾ ಅಂತ ಒಂದು ಕನಸು ಆಗಾಗ ಏಳುತ್ತಿರುತ್ತದೆ. 1967ರಲ್ಲೇ ಮಾಂಟ್ರಿಯಲ್‌ನ ಎಕ್ಸ್‌ಪೋದಲ್ಲಿ ಜೆಕೊಸ್ಲೊವಾಕಿಯಾದವರು ಪ್ರತಿ ಸೀಟಿಗೂ ಕೆಂಪು, ಹಸಿರು ಬಟನ್ ಕೂರಿಸಿ, ಸಿನಿಮಾ ನಡುವೆ ನಿಲ್ಲಿಸಿ, ಮುಂದೇನು ಮಾಡಬೇಕು ಅಂತ ಓಟು ಹಾಕಿಸಿದ್ದರು. ನೆಟ್‌ಫ್ಲಿಕ್ಸ್ 2018ರಲ್ಲಿ ಅಂಥದ್ದೇ ಒಂದನ್ನು ರಿಮೋಟಿನಲ್ಲಿ ಒತ್ತುವ ಹಾಗೆ ಮಾಡಿತು, ಈಗ ಕೈಬಿಟ್ಟಿದೆ. ಎರಡೂ ಜನರ ಕೈಗೆ ಕೊಟ್ಟದ್ದು ಮುಂದೇನು ಅನ್ನುವ ಹಿಡಿಯನ್ನು. ನಾಟಕದಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಅಭಿಮನ್ಯುವನ್ನು ಉಳಿಸಿ ಅಂತ ಯಾವ ಊರಿನಲ್ಲೂ ಓಟು ಬಿದ್ದಿಲ್ಲ. ಅವರು ಕೇಳುವುದು ಒನ್ಸ್ ಮೋರ್. ಅಭಿಮನ್ಯು ಸತ್ತು ಬಿದ್ದ ಮೇಲೂ ಒನ್ಸ್ ಮೋರ್ ಬಂದರೆ ಎದ್ದು ಕೂತು, ಪದ್ಯ ಇನ್ನೊಮ್ಮೆ ಹಾಡಿ, ಮತ್ತೆ ಸಾಯುತ್ತಾನೆ. ಹೀಗೆ ಎದ್ದು ಹಾಡಿದವರ ಕತೆ ಕಂಪನಿ ನಾಟಕದ ಕಾಲದಿಂದಲೂ ಇದೆ. ಓದಿದವರು ಇದನ್ನು ಹೇಳಿಕೊಂಡು ನಗುತ್ತಾರೆ. ನನಗೇನೋ ಬಟನ್ ಒತ್ತುವುದಕ್ಕಿಂತ ಇದರಲ್ಲೇ ಬುದ್ಧಿ ಜಾಸ್ತಿ ಇದೆ ಅನ್ನಿಸುತ್ತದೆ. ಸತ್ತದ್ದು ಗೊತ್ತು, ಅದಿರಲಿ, ಆ ಎರಡನೇ ಸಾಲು ಇನ್ನೊಂದ್ಸಲ ಹಾಡು ಮಾರಾಯ.

ಹಾಗಂತ ಮುಂದೇನು ಅನ್ನುವ ಕುತೂಹಲವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಂಡ್ಯದವರಿಗೆ ಜೂನ್‌ನಿಂದ ಆಗಸ್ಟ್ ತನಕ ಕೆಆರ್‌ಎಸ್ ನೀರಿನ ಮಟ್ಟವೇ ಒಂದು ಧಾರಾವಾಹಿ. 124.80 ಅಡಿ ಮುಟ್ಟುತ್ತದೋ ಇಲ್ಲವೋ ಅಂತ ಬೆಳಿಗ್ಗೆ ಎದ್ದ ತಕ್ಷಣ ನೋಡುತ್ತಾರೆ. ಅಲ್ಲಿ ಮುಂದೇನು ಅನ್ನುವುದಕ್ಕೆ ಅರ್ಥ ಇದೆ, ಬೆಳೆ ನಿಂತಿರುವುದೇ ಅದರ ಮೇಲೆ. ಕೋಟ್ಯಧಿಪತಿಯ ಫೋನ್ ರಿಂಗಾಗುವುದರ ಮೇಲೆ ನಮ್ಮದೇನು ನಿಂತಿದೆ?

ನಾರ್ವೆಯಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲಿನ ಸರ್ಕಾರಿ ಟಿವಿ ಎನ್‌ಆರ್‌ಕೆ 2009ರಲ್ಲಿ ಬರ್ಗೆನ್‌ನಿಂದ ಓಸ್ಲೋಗೆ ಹೋಗುವ ರೈಲಿಗೆ ಕ್ಯಾಮೆರಾ ಕಟ್ಟಿ ಏಳು ಗಂಟೆಗೂ ಮೀರಿದ ಇಡೀ ಪ್ರಯಾಣವನ್ನು ಹಾಗೆಯೇ ತೋರಿಸಿತು. ಕತೆ ಇಲ್ಲ, ನಿರೂಪಕರ ಗಲಾಟೆ ಇಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನ ಒಂದಲ್ಲ ಒಂದು ಹೊತ್ತಿನಲ್ಲಿ ಅದನ್ನು ನೋಡಿದರು. ಆ ದೇಶದ ಜನಸಂಖ್ಯೆಯೇ ಆಗ ಐವತ್ತು ಲಕ್ಷದ ಹತ್ತಿರ. 2011ರಲ್ಲಿ ಹಡಗೊಂದರ 134 ಗಂಟೆಯ ಪ್ರಯಾಣವನ್ನು ಲೈವ್ ತೋರಿಸಿದರು. ರೈಲು ಓಸ್ಲೋ ಮುಟ್ಟುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ತಾವು ದಿನಾ ಓಡಾಡುವ ದಾರಿ ಟಿವಿಯಲ್ಲಿ ಹೇಗೆ ಕಾಣುತ್ತದೆ, ನಮ್ಮೂರಿನ ಸ್ಟೇಷನ್ ಬರುವಾಗ ಯಾರು ನಿಂತಿರುತ್ತಾರೆ, ಅದನ್ನೇ ಕಾದು ನೋಡಿದರು.

ಇದನ್ನು ಓದಿದಾಗಿನಿಂದ ನನಗೆ ನಮ್ಮ ಪ್ಯಾಸೆಂಜರ್ ರೈಲಿನದೇ ಯೋಚನೆ. ಮೈಸೂರು ಬಿಟ್ಟು ನಾಗನಹಳ್ಳಿ, ಕಾವೇರಿ ದಾಟಿ ಶ್ರೀರಂಗಪಟ್ಟಣ. ಜೋಡಿ ಹಳಿಗೆ ಜಾಗ ಬೇಕು ಅಂತ ಟಿಪ್ಪು ಕಾಲದ ಮದ್ದಿನ ಮನೆಯನ್ನೇ 2017ರಲ್ಲಿ ಇಡೀಯಾಗಿ ಪಕ್ಕಕ್ಕೆ ಸರಿಸಿದ ಜಾಗ ಅಲ್ಲೇ ಸಿಗುತ್ತದೆ. ಪಾಂಡವಪುರ, ಯಲಿಯೂರು, ಮಂಡ್ಯ, ಹನಕೆರೆ, ಮದ್ದೂರಿನಲ್ಲಿ ವಡೆ ಹೊತ್ತುಕೊಂಡು ಓಡುವವರು. ಇಂಜಿನ್ನಿನ ಮೂತಿಗೆ ಒಂದು ಕ್ಯಾಮೆರಾ, ಬಾಗಿಲ ಹತ್ತಿರ ಒಂದು. ಬೆಂಗಳೂರಲ್ಲಿ ಬಾಡಿಗೆ ಮನೆಯಲ್ಲಿರುವ ಮಂಡ್ಯದವರು ಪೂರ್ತಿ ನೋಡುತ್ತಾರೆ, ಬೇಕಾದರೆ ಬೆಟ್ಟು ಕಟ್ಟುತ್ತೇನೆ. ಇನ್ನೊಂದು, ಕೆಆರ್‌ಎಸ್‌ನಿಂದ ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ದಿನ ಆ ನೀರಿನ ಮೂತಿಯ ಹಿಂದೆಯೇ ಹೋಗುವುದು, ಹುಲಿಕೆರೆ ಸುರಂಗ ದಾಟಿ, ಕವಲುಗಳಲ್ಲಿ ಒಡೆದು, ಕೊನೆಯ ಗದ್ದೆಗೆ ಮುಟ್ಟುವ ತನಕ. ಮುಟ್ಟುತ್ತದೋ ಇಲ್ಲವೋ ಅನ್ನುವುದರಲ್ಲಿ ಸಸ್ಪೆನ್ಸೂ ಇದೆ. ಕೊನೆಯ ಭಾಗದ ರೈತರನ್ನು ಕೇಳಿದರೆ ಗೊತ್ತಾಗುತ್ತದೆ.

ಇದಕ್ಕೆಲ್ಲ ದೊಡ್ಡ ಚಾನೆಲ್ ಯಾಕೆ ಬೇಕು? 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡಿಕೊಂಡೇ, ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ರೇಡಿಯೋ ಸ್ಟೇಷನ್ ಶುರು ಮಾಡಿದರು. ಅದೇ ಆಕಾಶವಾಣಿ. ಇವತ್ತಿನ ಮಾತಿನಲ್ಲಿ ಹೇಳಬೇಕಾದರೆ ಮನೆಯಿಂದಲೇ ಚಾನೆಲ್ ನಡೆಸಿದ ಮೊದಲಿಗರಲ್ಲಿ ಒಬ್ಬರು. ಅವರ ಕೈಯಲ್ಲಿದ್ದದ್ದು ಒಂದು ಪುಟ್ಟ ಟ್ರಾನ್ಸ್‌ಮಿಟರ್. ನಮ್ಮ ಕೈಯಲ್ಲಿರುವ ಫೋನು ಅದಕ್ಕಿಂತ ದೂರ ಮುಟ್ಟುತ್ತದೆ.

ಸದ್ಯಕ್ಕೆ ನಾನು ಕೈ ಹಾಕಿರುವುದು ರೈಲಿಗಲ್ಲ, ಅದಕ್ಕೆ ರೈಲ್ವೆಯವರ ಅನುಮತಿ ಬೇಕು. ಹತ್ತು ಊರಿನ ಹತ್ತು ದುರ್ಯೋಧನರನ್ನು ಸಾಲಾಗಿ ನಿಲ್ಲಿಸುವ ಯೋಚನೆ. ಒಂದೇ ಸೀನು, ಒಂದೇ ಪದ್ಯ. ಒಬ್ಬರ ನಂತರ ಒಬ್ಬರು, ಕತ್ತರಿಸದೆ. ಆಲಾಪನೆ ಸೇರಿ ತಲೆಗೆ ಐದಾರು ನಿಮಿಷ ಅಂದರೂ ಸುಮಾರು ಒಂದು ಗಂಟೆ ಆಗುತ್ತದೆ. ನಾಟಕಗಳ ರೆಕಾರ್ಡಿಂಗ್ ಹೇಗೂ ಇವೆ, ವಿಡಿಯೋ ಹುಡುಗರ ಹತ್ತಿರ ಕೇಳಬೇಕು, ಪಾತ್ರದವರನ್ನೂ ಕೇಳಬೇಕು. ಮೊದಲು ಚಿಕ್ಕಪ್ಪನಿಗೇ ಫೋನ್ ಮಾಡಿದೆ. ಹಸು ಕರೆಯುವ ಹೊತ್ತು. ಪೂರ್ತಿ ಕೇಳಿಸಿಕೊಂಡು ಒಂದೇ ಷರತ್ತು ಹಾಕಿದ.

'ಪಕ್ಕದೂರ್ನವನ್ದೂ ಹಾಕ್ತೀಯೇನ್ಲಾ? ಹಾಕದಾದ್ರೆ ಅವನ್ದ ನನ್ದಾದ್ ತಕ್ಸಣವೇ ಹಾಕು. ಜನ ನೋಡ್ಲಿ.'

ಪಕ್ಕದೂರಿನವರನ್ನು ಇನ್ನೂ ಕೇಳಿಲ್ಲ. ಅವರೂ ಇದೇ ಷರತ್ತು ಹಾಕಿದರೆ ಯಾರದ್ದನ್ನು ಮೊದಲು ಹಾಕುವುದು ಅಂತ ಯೋಚನೆ ಹತ್ತಿದೆ. ಸೌಂಡ್ ಬೇರೆ ಒಂದೊಂದು ಊರಿನದು ಒಂದೊಂದು ಥರ ಇದೆ. ಅದನ್ನು ಸಮ ಮಾಡಲು ಬರುವವರು ಮೈಸೂರಿನಲ್ಲಿ ಯಾರಾದರೂ ಇದ್ದರೆ ತಿಳಿಸಿ.